ಪಟ್ಟಿಯಲ್ಲಿ ಇಲ್ಲದ ಸೊಪ್ಪು

ನಂಜನಗೂಡಿನ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಈ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಮೂರು ವರ್ಷದ ಹಿಂದೆ, ಮುಂಗಾರು ಶುರುವಾಗುವ ಹೊತ್ತಿಗೆ, ತರಗತಿಯ ಮಕ್ಕಳನ್ನು ಜೊತೆಗೆ ಕಟ್ಟಿಕೊಂಡು ಒಂದು ಹೊಸ ಕೆಲಸಕ್ಕೆ ಕೈಹಾಕಿದೆ. ನಮ್ಮ ತಾಲ್ಲೂಕಿನಲ್ಲೂ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲೂ ಜನ ಬಿತ್ತದೆ ಬೆಳೆಯದೆ, ಹೊಲದ ಬದುವಿನಿಂದಲೋ ನಾಲೆಯ ಏರಿಯಿಂದಲೋ ಕಿತ್ತು ತಂದು ಸಾರು ಮಾಡುವ ಸೊಪ್ಪುಗಳು ಯಾವುವು, ಅವು ಎಲ್ಲೆಲ್ಲಿ ಉಳಿದಿವೆ ಎಂದು ಗುರುತು ಹಾಕಿಡುವುದು ಆ ಕೆಲಸ.

ಅದಕ್ಕೆ ಫೋನಿನಲ್ಲಿ ಪುಕ್ಕಟೆ ಸಿಗುವ ಒಂದು ಆ್ಯಪ್ ಇತ್ತು. ಯಾರು ಬೇಕಾದರೂ ಗಿಡದ ಫೋಟೊ ತೆಗೆದು ಅದಕ್ಕೆ ಹಾಕಬಹುದು. ಎಲ್ಲಿ ತೆಗೆದದ್ದು, ಯಾವತ್ತು ತೆಗೆದದ್ದು ಎಂಬುದು ತಾನಾಗಿಯೇ ದಾಖಲಾಗುತ್ತದೆ. ಗಿಡ ಬಲ್ಲವರು ಯಾರಾದರೂ ಹೆಸರು ಹೇಳುತ್ತಾರೆ, ಇನ್ನೊಬ್ಬರು ಹೌದು ಎಂದರೆ ಹೆಸರು ಖಾಯಂ ಆಗುತ್ತದೆ. ನಾನು ಅದರಲ್ಲಿ 'ನಮ್ಮೂರ ತಿನ್ನುವ ಸೊಪ್ಪು' ಎಂದು ಒಂದು ಪುಟ ತೆರೆದು, ಎರಡು ತಾಲ್ಲೂಕಿನ ಗಡಿಯೊಳಗೆ ಯಾರು ಗಿಡದ ಫೋಟೊ ಹಾಕಿದರೂ ಅದು ನಮ್ಮ ಪುಟಕ್ಕೆ ಬಂದು ಬೀಳುವ ಹಾಗೆ ಮಾಡಿದೆ.

ಮೊದಲ ಹದಿನೈದು ದಿನ ಆ ಪುಟ ತೆರೆದರೆ ತಲೆ ಕೆಡುತ್ತಿತ್ತು. ಹೋಟೆಲ್ ಮುಂದಿನ ಕ್ರೋಟನ್ ಕುಂಡ, ಯಾರದೋ ಮನೆಯ ತುಳಸಿಕಟ್ಟೆ, ಬಸ್ ಸ್ಟ್ಯಾಂಡಿನ ಹಿಂದಿನ ಪಾರ್ಥೇನಿಯಂ, ನಾಲ್ಕು ದಿಕ್ಕಿನಿಂದ ತೆಗೆದ ಒಂದೇ ದಾಸವಾಳ. ಹುಡುಗಿಯೊಬ್ಬಳು ಬಾಳೆ ಎಲೆಯ ಮೇಲಿನ ಊಟದ ಫೋಟೊ ಹಾಕಿ, 'ಎಲೆ ಇದೆ ಮೇಡಂ' ಎಂದು ಬರೆದಿದ್ದಳು. ನಗು ಬಂತು. ಆದರೆ ಅದರ ನಡುವೆ ನಮಗೆ ಬೇಕಾದ ಗಣಿಕೆ, ಹೊನಗೊನೆ ಎಲ್ಲಿವೆ ಎಂದು ಹುಡುಕುವುದರಲ್ಲಿ ದಿನಾ ಸಂಜೆ ಕಣ್ಣು ಉರಿಯುತ್ತಿತ್ತು.

ಆಮೇಲೆ ತಿಳಿಯಿತು, ಆ ಪುಟಕ್ಕೆ ಒಂದು ಪಟ್ಟಿ ಜೋಡಿಸಬಹುದು ಎಂದು. ಇಂತಿಂಥ ಗಿಡಗಳು ಮಾತ್ರ ಎಂದು ಹೆಸರು ಬರೆದಿಟ್ಟರೆ, ಪಟ್ಟಿಯಲ್ಲಿರುವ ಗಿಡದ ಫೋಟೊ ಮಾತ್ರ ನಮ್ಮ ಪುಟದಲ್ಲಿ ಕಾಣುತ್ತದೆ. ಉಳಿದವು ಅಳಿಸಿ ಹೋಗುವುದಿಲ್ಲ, ಹಾಕಿದವರ ಖಾತೆಯಲ್ಲಿ ಇದ್ದೇ ಇರುತ್ತವೆ. ನಮಗೆ ಮಾತ್ರ ಕಾಣುವುದಿಲ್ಲ. ಜರಡಿ ಹಿಡಿದ ಹಾಗೆ.

ಒಂದು ಭಾನುವಾರ ಬೆಳಿಗ್ಗೆ ಅಮ್ಮನ ಮುಂದೆ ನೋಟ್‌ಬುಕ್ ಹಿಡಿದು ಕೂತೆ. ನಮ್ಮದು ದಿನಸಿ ಅಂಗಡಿಯ ಮನೆ. ಅಪ್ಪ ಇದ್ದಾಗ ಅಂಗಡಿ, ಮಠ, ಮನೆ ಇಷ್ಟೇ ನಮ್ಮ ಪ್ರಪಂಚ. ಅಡುಗೆಯಲ್ಲಿ ಅಮ್ಮ ಗಟ್ಟಿಗಿತ್ತಿ. ಅವಳು ಬೇಳೆ ಆರಿಸುತ್ತ ಒಂದೊಂದೇ ಹೆಸರು ಹೇಳಿದಳು. ಗಣಿಕೆ, ಹೊನಗೊನೆ, ಅಣ್ಣೆ, ಒಂದೆಲಗ, ಗೋಣಿ, ಪುಳಿಯಾರೆ, ಬಸಳೆ. ನಾನು ಪಕ್ಕದಲ್ಲಿ ಅವುಗಳ ಶಾಸ್ತ್ರೀಯ ಹೆಸರು ಬರೆದುಕೊಂಡೆ. ಪುಸ್ತಕದಿಂದ ನಾನು ಸೇರಿಸಿದ್ದೂ ಕೂಡಿ ಮೂವತ್ತೆಂಟು ಆಯಿತು.

"ಇಷ್ಟೇನಾ ಅಮ್ಮ?" ಎಂದೆ.

"ಇಷ್ಟೇ. ಇನ್ನು ಉಳಿದದ್ದೆಲ್ಲ ದನ ತಿನ್ನೋದು" ಎಂದು ಅಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು.

ಪಟ್ಟಿ ಹಾಕಿದ ಮೇಲೆ ಪುಟ ಗುಡಿಸಿ ಸಾರಿಸಿದ ಅಂಗಳದ ಹಾಗಾಯಿತು. ನಕ್ಷೆಯ ಮೇಲೆ ಹಸಿರು ಚುಕ್ಕೆಗಳು ಮೂಡಿದವು. ನಂಜನಗೂಡು ಪೇಟೆಯ ಸುತ್ತ ಚುಕ್ಕೆ, ಕಪಿಲಾ ನದಿಯ ದಂಡೆಗೆ ಚುಕ್ಕೆ. ಕಳಲೆಯ ಕಡೆ ಎಲ್ಲಕ್ಕಿಂತ ಹೆಚ್ಚು. ಅದಕ್ಕೆ ಕಾರಣ ಅಲ್ಲಿದ್ದ ಒಬ್ಬರೇ ಒಬ್ಬರು. ಸರ್ಕಾರಿ ಕೆಲಸದಲ್ಲಿ ಊರೂರು ಸುತ್ತಿ, ನಿವೃತ್ತಿಯಾದ ಮೇಲೆ ಹೆಂಡತಿಯ ಊರಾದ ಕಳಲೆಯಲ್ಲಿ ಮನೆ ಕಟ್ಟಿಕೊಂಡವರು. ದಿನಾ ಬೆಳಿಗ್ಗೆ ವಾಕಿಂಗ್ ಹೋಗುವಾಗ ಫೋನ್ ಹಿಡಿದು ಬದು ಬದು ಅಲೆಯುತ್ತಿದ್ದರು. ಸೊಪ್ಪಿನ ಹುಚ್ಚು ಹತ್ತಿದ ಮೇಲೆ ಅಡುಗೆಯನ್ನೂ ತಾವೇ ಕಲಿತರು ಎಂದು ಅವರ ಹೆಂಡತಿ ನಗುತ್ತ ಹೇಳಿದ್ದುಂಟು.

ನರಸೀಪುರದ ಕಡೆ ಮಾತ್ರ ಚುಕ್ಕೆಗಳು ತೀರಾ ಕಡಿಮೆ. ಹೆಮ್ಮಿಗೆಯ ಸುತ್ತ ಒಂದೂ ಇಲ್ಲ. ಆ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯರ ಸಭೆಗೆ ನಾನೇ ಹೋಗಿ, ಆ್ಯಪ್ ಹಾಕಿಸಿ, ಫೋಟೊ ತೆಗೆಯುವುದನ್ನು ತೋರಿಸಿ ಬಂದಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ಆಮೇಲೆ ಯಾರೂ ಏನೂ ಹಾಕಲಿಲ್ಲವಲ್ಲ ಎಂದು ಬೇಸರವಾಗಿ, ಸ್ಟಾಫ್ ರೂಮಿನಲ್ಲಿ ಒಮ್ಮೆ, "ಆ ಕಡೆಯವರಿಗೆ ಆಸಕ್ತಿ ಕಡಿಮೆ" ಎಂದುಬಿಟ್ಟೆ. ಆ ಮಾತು ಈಗ ನೆನೆದರೂ ಮುಖ ಬಿಸಿಯಾಗುತ್ತದೆ.

ವರ್ಷ ಕಳೆದು ಮತ್ತೆ ಅದೇ ಸಭೆಗೆ ಕರೆದರು. ಮಾತು ಮುಗಿಸಿ ಟೀ ಕುಡಿಯುತ್ತಿದ್ದಾಗ ಒಬ್ಬ ಹೆಂಗಸು ಹತ್ತಿರ ಬಂದು ನಿಂತರು. ಮೂವತ್ತೈದು ನಲವತ್ತರ ವಯಸ್ಸು. ಹೆಮ್ಮಿಗೆಯ ಅಂಗನವಾಡಿಯವರು.

"ಮೇಡಂ, ಒಂದ್ ಮಾತ್ ಕೇಳ್ಲಾ? ನಾನ್ ಆಕಿದ್ದು ಒಂದೂ ನಿಮ್ ಪುಟದಲ್ ಕಾಣಾಕಿಲ್ವಲ್ಲ, ಯಾಕೆ?"

"ನೀವು ಹಾಕಿದ್ದೀರಾ?"

"ಅಯ್ಯೋ, ಒಂದ್ ವರ್ಸದಿಂದ ಆಕ್ತಾವ್ನಿ ಮೇಡಂ."

ಅವರು ಫೋನ್ ತೆಗೆದು ತೋರಿಸಿದರು. ಬೆರಳಿನಿಂದ ತಳ್ಳಿದಷ್ಟೂ ಫೋಟೊ ಬರುತ್ತಲೇ ಇದ್ದವು. ಕೆಸರು ಗದ್ದೆ, ಬದು, ಅಂಗೈ ಮೇಲೆ ಹರಡಿಕೊಂಡ ಎಲೆ, ಮೊರದಲ್ಲಿ ಬಿಡಿಸಿಟ್ಟ ಸೊಪ್ಪು. ಒಂದೊಂದೂ ಚೊಕ್ಕವಾಗಿತ್ತು. ಯಾರೋ ದೂರದವರು ಬಂದು ಶಾಸ್ತ್ರೀಯ ಹೆಸರನ್ನೂ ಸರಿಯಾಗಿ ಹೇಳಿ ಹೋಗಿದ್ದರು. ಅವುಗಳಲ್ಲಿ ಒಂದೂ ನನ್ನ ಮೂವತ್ತೆಂಟರಲ್ಲಿ ಇರಲಿಲ್ಲ. ಇನ್ನು ನನ್ನ ಪಟ್ಟಿಯಲ್ಲಿದ್ದ ಹೊನಗೊನೆ, ಗಣಿಕೆಯನ್ನು ಎಲ್ಲರೂ ಬಲ್ಲರು ಎಂದು ಅವರು ಹಾಕುವ ಗೋಜಿಗೇ ಹೋಗಿರಲಿಲ್ಲ.

ನಾನು ಪಟ್ಟಿಯ ವಿಷಯ ಬಿಡಿಸಿ ಹೇಳಿದೆ.

"ಆ ಪಟ್ಟಿ ಮಾಡ್ದೋರ್ ಯಾರು ಮೇಡಂ?"

"ನಾನೇ."

ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವರು ನೆಲ ನೋಡಿದರು. "ನಾನ್ ಏನನ್ಕಂಡಿದ್ದೆ ಅಂದ್ರೆ, ನಮ್ ಬೀದಿ ಸೊಪ್ಪು ನಿಮ್ಗೆ ಬ್ಯಾಡ್ವೇನೋ ಅಂತ. ನಮ್ಮತ್ತೆನೂ ಅಂಗೇ ಅಂದ್ರು. ಆದ್ರೂ ಆಕೋದ್ ಬುಡ್ಲಿಲ್ಲ. ಎಲ್ಲಾದ್ರೂ ಇರ್ಲಿ ಅಂತ."

ಕೋಪದಿಂದ ಹೇಳಿದ ಮಾತಲ್ಲ ಅದು. ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಭಾನುವಾರ ನಿಮ್ಮೂರಿಗೆ ಬರ್ತೀನಿ. ನಿಮ್ಮತ್ತೆ ಹತ್ರ ಕೇಳಿ ಬರ್ಕೊಳ್ತೀನಿ" ಎಂದೆ.

"ಬನ್ನಿ ಮೇಡಂ. ನಾಟಿ ಮುಗ್ದದೆ, ಸೊಪ್ಪು ಚೆನ್ನಾಗವೆ" ಎಂದರು.

ಭಾನುವಾರ ನರಸೀಪುರದಲ್ಲಿ ಬಸ್ ಬದಲಿಸಿ ಹೆಮ್ಮಿಗೆಗೆ ಹೋದೆ. ಅವರ ಅತ್ತೆ ಜಗುಲಿಯ ಮೇಲೆ ಕಾಯುತ್ತಿದ್ದರು. ಎಪ್ಪತ್ತು ದಾಟಿದ ಅಜ್ಜಿ, ತೆಳ್ಳಗಿನ ಮೈ, ಸೀರೆ ಎತ್ತಿಕಟ್ಟಿ ಆಗಲೇ ತಯಾರು. ಹರೆಯದಿಂದ ಮೊನ್ನೆ ಮೊನ್ನೆಯವರೆಗೂ ನಾಟಿಗೆ, ಕಳೆಗೆ, ಕುಯ್ಲಿಗೆ ಕೂಲಿ ಹೋದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಪ್ಲಿ ಬುಟ್ಬುಟ್ಟು ಬಾರವ್ವ, ಕೆಸ್ರು" ಎಂದು ಮುಂದೆ ನಡೆದೇಬಿಟ್ಟರು.

ಗದ್ದೆಯ ಬದುವಿನ ಮೇಲೆ ಅವರ ಹಿಂದೆ ಹೆಜ್ಜೆ ಇಡುವುದೇ ನನಗೆ ಕಷ್ಟವಾಯಿತು. ಅವರು ಬಗ್ಗುವುದೂ ಕಾಣುತ್ತಿರಲಿಲ್ಲ, ಕೀಳುವುದೂ ಕಾಣುತ್ತಿರಲಿಲ್ಲ, ಮಡಿಲು ಮಾತ್ರ ತುಂಬುತ್ತ ಹೋಯಿತು. ಮುಳ್ಳುಹರಿವೆಯ ಕುಡಿ, ನೆಲಕ್ಕೆ ಅಂಟಿಕೊಂಡು ಹಬ್ಬುವ ಕೊಮ್ಮೆ, ನೀಲಿ ಹೂವಿನ ಕನ್ನೆ ಸೊಪ್ಪು. ಪ್ರತಿಯೊಂದಕ್ಕೂ ಒಂದು ಮಾತು. ಇದನ್ನು ಹೂ ಬಿಡುವುದಕ್ಕೆ ಮೊದಲೇ ಕೀಳಬೇಕು. ಇದರ ನೀರು ಬಸಿದು ಚೆಲ್ಲಬೇಕು. ಇದನ್ನು ಒಂದೇ ಹಾಕಬಾರದು, ನಾಲ್ಕು ಸೊಪ್ಪಿನ ಜೊತೆ ಬೆರೆಸಬೇಕು.

ನಾಲೆಯ ನೀರು ಗದ್ದೆಗೆ ಇಳಿಯುವ ತೂಬಿನ ಹತ್ತಿರ ಅವರು ಕೂತು, ಕೆಸರಿನಿಂದ ಒಂದು ಹಿಡಿ ಎಳೆದು ನನ್ನ ಕೈಗೆ ಕೊಟ್ಟರು. ಉದ್ದನೆಯ ದಂಟಿನ ತುದಿಯಲ್ಲಿ ನಾಲ್ಕು ಪುಟ್ಟ ಎಲೆ, ಕೂಡಿಸಿಟ್ಟ ಹಾಗೆ.

"ಇದ್ ನಾಕೆಲೆ ಸೊಪ್ಪು. ಇದ್ರದ್ ಸಾರು ಉಂಡಿಲ್ವಾ ನೀನು?"

ಆ ಗಿಡ ನನಗೆ ಗೊತ್ತಿಲ್ಲದ್ದಲ್ಲ. ಅದು ಒಂದು ಜರಿಗಿಡ, ಮಾರ್ಸೀಲಿಯಾ. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಗಾಜಿನ ಜಾಡಿಯೊಳಗೆ ಫಾರ್ಮಲಿನ್‌ನಲ್ಲಿ ಮುಳುಗಿ ಕೂತಿದೆ. ಪ್ರತಿ ವರ್ಷ ಅದರ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ, ದಂಟನ್ನು ಸೀಳಿ ಮೈಕ್ರೋಸ್ಕೋಪಿನ ಕೆಳಗೆ ಇಡುತ್ತೇನೆ, ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಕೇಳುತ್ತೇನೆ. ಅದನ್ನು ಯಾರಾದರೂ ತಿನ್ನುತ್ತಾರೆ ಎಂಬ ಯೋಚನೆ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ.

"ಇಲ್ಲ ಅಜ್ಜಿ. ಇದನ್ನ ಪಾಠ ಮಾಡ್ತೀನಿ. ತಿಂದಿಲ್ಲ."

"ಪಾಟ ಮಾಡ್ತೀಯಾ?" ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಇದ್ರಲ್ ಪಾಟ ಮಾಡಾಕ್ ಏನದೆ? ಕೂಲಿಗೋದಾಗ ಕಳೆ ಜೊತೆಗೆ ಇದ್ನೂ ಕೀಳೋದು. ಕಳೆ ಬದ್ವಿಗ್ ಎಸ್ಯೋದು, ಇದ್ನ ಮಡ್ಲಿಗಾಕಳೋದು. ನಮ್ ಮಕ್ಳು ಬೆಳ್ದಿದ್ದೇ ಇದ್ರಲ್ಲಿ. ಈಗ ಎಲ್ಲೆಲ್ಲೂ ಕಳೆ ಔಸ್ತಿ ವಡೀತಾರೆ ನೋಡು, ಔಸ್ತಿ ವಡ್ದ್ ಗದ್ದೇಲಿ ಕೀಳಾಕಿಲ್ಲ ನಾವು."

ಮಧ್ಯಾಹ್ನ ಮನೆಗೆ ಬಂದಾಗ ಸೊಸೆ ಒಲೆ ಹಚ್ಚಿ ಸೊಪ್ಪು ಬೇಯಿಸುತ್ತಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೆ ಬೆಳಗಿನ ಕಾಕಡ ಹೂ. ಸಾರಿನ ವಾಸನೆ ನಡುಮನೆಗೆಲ್ಲ ಹರಡಿತ್ತು. ಅವರು ಬಾಗಿಲ ಹತ್ತಿರ ನಿಂತು, ಕೈ ಒರೆಸಿಕೊಳ್ಳುತ್ತ, ಸ್ವಲ್ಪ ತಡೆದು ಕೇಳಿದರು.

"ಮೇಡಂ, ನಮ್ಮನೇಲಿ ಉಣ್ತೀರಾ? ಇಲ್ಲಾಂದ್ರೆ ಬಾಳೆಹಣ್ಣು ತಂದಿವ್ನಿ."

"ಹಸಿವಾಗಿದೆ. ಬಡಿಸಿ" ಎಂದೆ.

ಬಿಸಿ ರಾಗಿ ಹಿಟ್ಟು, ನಾಲ್ಕೆಲೆ ಸೊಪ್ಪಿನ ಉಪ್ಸಾರು, ಪಕ್ಕದಲ್ಲಿ ಅರೆದ ಖಾರ. ಸೊಪ್ಪು ನಾಲಿಗೆಗೆ ಮೆತ್ತಗೆ, ಸ್ವಲ್ಪ ಒಗರು. ಮಣ್ಣಿನ ವಾಸನೆ ಇರಬಹುದು ಎಂದುಕೊಂಡಿದ್ದೆ, ಇರಲಿಲ್ಲ. ಎರಡನೇ ಸಲ ಸಾರು ಹಾಕಿಸಿಕೊಂಡಾಗ ಅಜ್ಜಿ ಸೊಸೆಯ ಮುಖ ನೋಡಿದರು, ಸೊಸೆ ಅಜ್ಜಿಯ ಮುಖ ನೋಡಿದರು.

ಹೊರಡುವಾಗ ಒಂದು ಕಟ್ಟು ನಾಲ್ಕೆಲೆ ಸೊಪ್ಪನ್ನು ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟರು. ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಎಲ್ಲಿ ಸಿಕ್ತೇ ನಿನಗೆ?"

"ಹೆಮ್ಮಿಗೇಲಿ. ಇದನ್ನ ತಿಂತಾರಂತೆ ಅಮ್ಮ. ನಾನೂ ಉಂಡೆ. ನಿನಗೆ ಗೊತ್ತಿರಲಿಲ್ಲ ಅಲ್ವಾ?"

ಅಮ್ಮ ಒಂದು ದಂಟು ಎತ್ತಿ ಬೆರಳ ನಡುವೆ ತಿರುಗಿಸಿದಳು. "ಗೊತ್ತಿತ್ತು. ನಮ್ಮಪ್ಪನ ಗದ್ದೆಗೆ ಒಬ್ಬಳು ಆಳು ಬರ್ತಿದ್ಳು. ನಾನಾಗ ಆರೇಳು ವರ್ಷದೋಳು. ಮಧ್ಯಾಹ್ನ ಅವಳು ಬುತ್ತಿ ಬಿಚ್ಚಿದಾಗ ಹತ್ತಿರ ಹೋಗಿ ಕೂರ್ತಿದ್ದೆ. ಒಂದು ತುತ್ತು ಕೊಡೋಳು. ಮನೇಲಿ ಹೇಳಬೇಡ ಕಣವ್ವ ಅನ್ನೋಳು. ನಾನೂ ಹೇಳಲಿಲ್ಲ."

"ಮತ್ತೆ ಆವತ್ತು ಪಟ್ಟಿ ಬರೆಯುವಾಗ ಯಾಕೆ ಹೇಳಲಿಲ್ಲ?"

"ಏನೋಪ್ಪ. ಬಾಯಿಗೆ ಬರಲಿಲ್ಲ" ಎಂದಳು ಅಮ್ಮ. ಆಮೇಲೆ ನಲ್ಲಿ ತಿರುಗಿಸಿ ಸೊಪ್ಪು ತೊಳೆಯುವುದಕ್ಕೆ ನಿಂತಳು. ಅವಳ ಬೆನ್ನು ನನ್ನ ಕಡೆಗಿತ್ತು.

ಆ ಸಂಜೆ ನಾನು ಮಾಡಿದ್ದು ಬುದ್ಧಿವಂತಿಕೆಯ ಕೆಲಸವಲ್ಲ. ನಾಚಿಕೆಯಲ್ಲಿ ಮಾಡಿದ ಕೆಲಸ. ಪುಟ ತೆರೆದು, ಪಟ್ಟಿಯನ್ನು ಪೂರ್ತಿ ತೆಗೆದುಹಾಕಿದೆ. ಯಾವುದು ಸೊಪ್ಪು ಯಾವುದು ಕಳೆ ಎಂದು ಹೇಳುವುದಕ್ಕೆ ನಾನು ಯಾರು? ಎಲ್ಲರದ್ದೂ ಬರಲಿ ಎಂದುಕೊಂಡೆ. ಪುಟವನ್ನು ಮತ್ತೆ ನೋಡಿದಾಗ ಹೆಮ್ಮಿಗೆಯ ಸುತ್ತ ಒಂದು ವರ್ಷದ ಚುಕ್ಕೆಗಳೆಲ್ಲ ಒಮ್ಮೆಗೇ ಮೂಡಿದ್ದವು, ಮಳೆ ಬಿದ್ದ ಮಾರನೆಯ ದಿನದ ನೆಲದ ಹಾಗೆ. ಅದರ ಜೊತೆಗೆ ಕ್ರೋಟನ್ನೂ ಬಂತು, ದಾಸವಾಳವೂ ಬಂತು. ಬರಲಿ ಬಿಡು ಎಂದು ಫೋನ್ ಕೆಳಗಿಟ್ಟೆ.

ಎರಡು ತಿಂಗಳು ಹಾಗೇ ನಡೆಯಿತು. ಒಂದು ಗುರುವಾರ ಮಧ್ಯಾಹ್ನ ನಾನು ಪ್ರಯೋಗಾಲಯದಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಕಳಲೆಯ ಆ ನಿವೃತ್ತರ ಹೆಂಡತಿ. ಉಸಿರು ಏರಿಳಿಯುತ್ತಿತ್ತು.

"ಮೇಡಂ, ನಮ್ ಯಜಮಾನ್ರು ಏನೇನೋ ಮಾತಾಡ್ತಾವ್ರೆ. ಇಲ್ಲದೋರ ಹೆಸರು ಹಿಡಿದು ಕರೀತಾವ್ರೆ. ಬೆಳಿಗ್ಗೆ ಯಾವ್ದೋ ಸೊಪ್ಪು ತಂದು ಅವರೇ ಪಲ್ಯ ಮಾಡ್ಕೊಂಡು ತಿಂದ್ರು. ಮದಗುಣಿಕೆ ಅಂದ್ರು. ಅದೇನು ಮೇಡಂ?"

ಕೈಯಲ್ಲಿದ್ದ ಸ್ಲೈಡ್ ಅನ್ನು ಮೇಜಿನ ಮೇಲೆ ಇಟ್ಟೆ. ಮದಗುಣಿಕೆ ಎಂದರೆ ಉಮ್ಮತ್ತಿ. ಗಣಿಕೆಯಲ್ಲ. ಎಲೆ, ಬೀಜ, ಹೂ ಎಲ್ಲವೂ ವಿಷ.

"ಈಗಿಂದೀಗಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಏನು ತಿಂದ್ರು ಅಂತ ಡಾಕ್ಟರಿಗೆ ಹೇಳಿ. ಒಂದು ಗಿಡ ಇದ್ರೆ ಅದನ್ನೂ ಹಿಡ್ಕೊಂಡು ಬನ್ನಿ. ನಾನೂ ಬರ್ತಾ ಇದೀನಿ. ನೀವು ತಿಂದ್ರಾ?"

"ಒಂದ್ ತುತ್ತು ಬಾಯಿಗಿಟ್ಟೆ. ಕಹಿ ಅಂತ ಉಗಿದ್ಬುಟ್ಟೆ."

ಪಕ್ಕದ ಮನೆಯವರ ಕಾರಿನಲ್ಲಿ ಅವರನ್ನು ನಂಜನಗೂಡಿಗೆ ಕರೆತಂದರು. ನಾನು ಆಟೊದಲ್ಲಿ ಹೋಗುವಷ್ಟರಲ್ಲಿ ಮಂಚದ ಮೇಲೆ ಮಲಗಿಸಿದ್ದರು. ಕಣ್ಣಿನ ಪಾಪೆ ಅಗಲವಾಗಿ ಹರಡಿತ್ತು. ತುಟಿ ಒಣಗಿ ಬಿಳಿಚಿಕೊಂಡಿತ್ತು. ಗಾಳಿಯಲ್ಲಿ ಇಲ್ಲದ ದಾರವನ್ನು ಬೆರಳಿನಿಂದ ಎಳೆಯುತ್ತಿದ್ದರು. ನನ್ನನ್ನು ನೋಡಿ, ಯಾವುದೋ ಊರಿನ ಹಳೆಯ ಸಹೋದ್ಯೋಗಿ ಎಂದುಕೊಂಡು, "ಬಂದ್ಯಾ? ಕೂತ್ಕೊ" ಎಂದರು. ಡಾಕ್ಟರು ಗಿಡವನ್ನು ಮೂಸಿ ನೋಡಿ, ಬೇಗ ಬಂದಿದ್ದು ಒಳ್ಳೆಯದಾಯಿತು ಎಂದರು. ಆ ಮಾತು ಕೇಳುವವರೆಗೆ ನಾನು ಕೂತಿರಲಿಲ್ಲ.

ಮೂರನೇ ದಿನ ಅವರಿಗೆ ಪೂರ್ತಿ ತಿಳಿವು ಬಂದಿತ್ತು. ದಿಂಬಿಗೆ ಒರಗಿ ಎಳನೀರು ಕುಡಿಯುತ್ತಿದ್ದರು. ನಾನು ಹೋಗಿ ಕೂತಾಗ ತಾವೇ ಮಾತು ತೆಗೆದರು.

"ನಿಮ್ಮ ಪುಟದಲ್ಲಿ ನೋಡಿದ್ದೆ ಮೇಡಂ. ಸೋಮನಾಥಪುರದ ಹತ್ರ ಯಾರೋ ಫೋಟೊ ಹಾಕಿದ್ರು. ಮದಗುಣಿಕೆ ಅಂತ ಹೆಸರಿತ್ತು. ಇಬ್ಬರು ಹೌದು ಅಂದಿದ್ರು. ಗಣಿಕೆ ಜಾತೀದೇ ಇನ್ನೊಂದು ಅಂದ್ಕೊಂಡೆ. ನಮ್ಮ ಹಿತ್ತಲ ಹಿಂದೇನೂ ಹಾಗೇ ಎಳೇ ಗಿಡ ಇತ್ತು."

ಅವರ ಹೆಂಡತಿ ಫೋನ್ ತಂದುಕೊಟ್ಟರು. ನಾನು ನೋಡಿದೆ. ಅವರು ಹೇಳಿದ ಹಾಗೇ ಇತ್ತು. ಫೋಟೊ ಸರಿ, ಹೆಸರು ಸರಿ, ಒಪ್ಪಿಗೆ ಕೊಟ್ಟವರೂ ಸರಿ. ಯಾರದೂ ತಪ್ಪಿಲ್ಲ. ಅದರ ತಲೆಯ ಮೇಲೆ, ದೊಡ್ಡ ಅಕ್ಷರದಲ್ಲಿ, ನಾನೇ ಬರೆದ ಸಾಲು ಇತ್ತು: 'ನಮ್ಮೂರ ತಿನ್ನುವ ಸೊಪ್ಪು.'

"ತಪ್ಪು ನನ್ನದು" ಎಂದೆ.

"ಛೆ, ನಿಮ್ಮದೇನಿದೆ? ತಿಂದೋನು ನಾನು" ಎಂದರು ಅವರು. ಅವರ ಹೆಂಡತಿ ಏನೂ ಹೇಳಲಿಲ್ಲ. ಆ ಮೌನ ನನಗೆ ನ್ಯಾಯವಾಗಿಯೇ ಕಂಡಿತು.

ಕಾಲೇಜಿಗೆ ವಾಪಸು ಬಂದು ಪುಟವನ್ನು ಮುಚ್ಚಿದೆ. ಹೆಮ್ಮಿಗೆಗೆ ಫೋನ್ ಮಾಡಿ ಅಂಗನವಾಡಿಯವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಇನ್ನು ಈ ಕೆಲಸ ಬೇಡ ಎಂದೆ. ಆ ಕಡೆ ಮಕ್ಕಳು ಒಟ್ಟಿಗೆ ಏನನ್ನೋ ಓದುತ್ತಿರುವುದು ಕೇಳಿಸುತ್ತಿತ್ತು. ಅವರು ಹೊರಗೆ ಬಂದಿರಬೇಕು, ಸದ್ದು ಕಡಿಮೆಯಾಯಿತು.

"ಮೇಡಂ, ನಾನ್ ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಪಟ್ಟಿ ಬ್ಯಾಡ ಅಂತ ನಾನೆಲ್ಲಿ ಅಂದೆ? ಪಟ್ಟೀಲಿ ನಮ್ದೂ ಇರ್ಲಿ ಅಂದಿದ್ದು."

ನಾನು ಕುರ್ಚಿ ಎಳೆದು ಕೂತೆ.

"ತಿನ್ನೋದು ಅಂತ ಬೋರ್ಡ್ ಆಕಿದ್ ಮ್ಯಾಲೆ ತಿನ್ನೋದ್ ಮಾತ್ರ ಇರ್ಬೇಕಲ್ವಾ? ನಮ್ಮತ್ತೆ ಮಡ್ಲಿಗೆ ಸಿಕ್ಕಿದ್ನೆಲ್ಲ ಆಕಳ್ತಾರಾ? ಅವ್ರೂ ಬುಟ್ಟೇ ಬುಡ್ತಾರೆ. ಏನ್ ಬುಡ್ಬೇಕು ಅನ್ನೋದು ಕಿತ್ತೋರಿಗ್ ಗೊತ್ತು. ನೀವ್ ಅವ್ರನ್ನ ಕೇಳ್ಲಿಲ್ಲ, ಅಷ್ಟೇಯ."

ಇಷ್ಟು ಸರಳವಾದ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ನಾನೊಬ್ಬಳೇ ಜರಡಿ ಹಿಡಿದೆ. ಎರಡನೇ ಸಲ ನಾನೊಬ್ಬಳೇ ಅದನ್ನು ಎಸೆದೆ. ಎರಡೂ ಸಲ ಯಾರನ್ನೂ ಕೇಳಲಿಲ್ಲ.

"ಹಾಗಾದ್ರೆ ಕೂತು ಮಾಡೋಣ. ನಿಮ್ಮತ್ತೆ ಬರ್ತಾರಾ?"

"ಅವ್ರಾ? ನಾಲ್ಕ್ ಜನನ ಜೊತ್ಗೆ ಎಳ್ಕೊಂಡೇ ಬತ್ತಾರೆ."

ಹಾಗೆ ಶನಿವಾರಗಳು ಶುರುವಾದವು. ಮಕ್ಕಳು ಮನೆಗೆ ಹೋದ ಮೇಲೆ ಹೆಮ್ಮಿಗೆಯ ಅಂಗನವಾಡಿಯ ಜಗುಲಿಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಅಜ್ಜಿ, ಅವರ ಓರಗೆಯ ಮೂರು ನಾಲ್ಕು ಹೆಂಗಸರು, ಸೋಮನಾಥಪುರಕ್ಕೆ ಮದುವೆಯಾಗಿ ಹೋದ ಅಜ್ಜಿಯ ಮಗಳು. ಒಬ್ಬೊಬ್ಬರೂ ಮಡಿಲಿನಲ್ಲಿ ಸೊಪ್ಪು ತರುತ್ತಿದ್ದರು. ಅಜ್ಜಿ ಒಂದು ನಿಯಮ ಮಾಡಿದರು: ಕೇಳಿ ಬಲ್ಲವರ ಮಾತು ಲೆಕ್ಕಕ್ಕಿಲ್ಲ, ಕಿತ್ತು ಬೇಯಿಸಿ ಉಂಡವರೇ ಹೇಳಬೇಕು, ಅದೂ ಎರಡು ಮನೆಯವರು ಹೇಳಬೇಕು. ಯಾವುದರ ಹಾಗೆ ಕಾಣುತ್ತದೆ, ಯಾವುದೆಂದು ತಪ್ಪಿ ಕೀಳಬಹುದು ಎಂಬುದನ್ನೂ ಹೇಳಬೇಕು. ನಾನು ಬರೆದುಕೊಂಡು, ಶಾಸ್ತ್ರೀಯ ಹೆಸರು ಹುಡುಕಿ ಸೇರಿಸುತ್ತಿದ್ದೆ. ಅಂಗನವಾಡಿಯವರು ಫೋಟೊ ತೆಗೆದು ಅಲ್ಲೇ ಹಾಕುತ್ತಿದ್ದರು.

ಜಗಳಗಳೂ ಆದವು. ಚಗಚೆ ಸೊಪ್ಪನ್ನು ಎಷ್ಟು ಎಳೆಯದು ಕೀಳಬೇಕು ಎಂದು ತಾಯಿ ಮಗಳ ನಡುವೆಯೇ ವಾದ ನಡೆದು, ಮಗಳು ಸಿಟ್ಟಾಗಿ ಎದ್ದು ಹೋಗಿ, ಮುಂದಿನ ವಾರ ತಾನೇ ಒಂದು ಮಡಿಲು ಚಗಚೆ ಕಿತ್ತು ತಂದಳು. ಇಬ್ಬರ ಮಾತನ್ನೂ ಬರೆದುಕೊಂಡೆ.

ಕಳಲೆಯವರು ಚೇತರಿಸಿಕೊಂಡ ಎರಡು ತಿಂಗಳಿಗೆ ಬಸ್ ಹತ್ತಿ ಬಂದರು. ಹೆಂಡತಿಯೂ ಜೊತೆಗೆ ಬಂದಿದ್ದರು, ಅವರೊಬ್ಬರನ್ನೇ ಕಳಿಸುವ ಧೈರ್ಯವಿಲ್ಲದೆ. ಅಜ್ಜಿ ಒಂದು ಉಮ್ಮತ್ತಿ ಎಲೆ ತರಿಸಿ, ಹಿಸುಕಿ, ಅವರ ಮೂಗಿನ ಹತ್ತಿರ ಹಿಡಿದರು. ಅವರು ಮುಖ ಸಿಂಡರಿಸಿ ಹಿಂದೆ ಸರಿದರು.

"ಮೂಗ್ ಇತ್ತಲ್ಲಪ್ಪ ಆವತ್ತೂ" ಎಂದರು ಅಜ್ಜಿ.

"ನೆಗಡಿ ಆಗಿತ್ತು ಕಣಮ್ಮ" ಎಂದರು ಅವರು ತಲೆ ತಗ್ಗಿಸಿ.

ಅವರ ಹೆಂಡತಿ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಕೈ ತೊಳೆದುಕೊಂಡು ಬರಲು ಅಜ್ಜಿಯೇ ಎದ್ದು ಹೋದರು. ಅವರು ಅತ್ತ ಹೋದಾಗ ಕಳಲೆಯವರ ಹೆಂಡತಿ ನನ್ನ ಪಕ್ಕಕ್ಕೆ ಸರಿದು ಕೂತು, ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. ಆಸ್ಪತ್ರೆಯ ದಿನದಿಂದ ನನ್ನ ಎದೆಯ ಮೇಲೆ ಕೂತಿದ್ದದ್ದು ಸ್ವಲ್ಪ ಹಗುರವಾಯಿತು.

ಪುಟವನ್ನು ಹೊಸ ಪಟ್ಟಿಯೊಂದಿಗೆ ಮತ್ತೆ ತೆರೆದೆವು. ಈಗ ಅದರಲ್ಲಿ ಅರವತ್ತೊಂದು ಸೊಪ್ಪುಗಳಿವೆ. ನನ್ನ ಹಳೆಯ ಮೂವತ್ತೆಂಟರಲ್ಲಿ ಐದನ್ನು ಆ ಹೆಂಗಸರು ತೆಗೆಸಿದರು, ಪುಸ್ತಕ ನೋಡಿ ನಾನು ಸೇರಿಸಿದ್ದವು. ಪಟ್ಟಿಗೆ ಬಾರದ ಫೋಟೊಗಳನ್ನು ನೋಡುವುದಕ್ಕೆಂದೇ ಬೇರೆ ಪುಟ ಮಾಡಿದ್ದೇವೆ. ಅದಕ್ಕೆ 'ಕೇಳಬೇಕಾದವು' ಎಂದು ಹೆಸರು. ತಿನ್ನಬೇಡಿ ಎಂದು ತಲೆಯ ಮೇಲೆಯೇ ಬರೆದಿದೆ. ತಿಂಗಳಿಗೊಮ್ಮೆ ಅದನ್ನು ತೆರೆದು ಒಂದೊಂದನ್ನೂ ನೋಡುತ್ತೇವೆ. ಯಾರದಾದರೂ ಫೋಟೊ ಅಲ್ಲಿ ನಿಂತುಬಿಟ್ಟಿದ್ದರೆ, ಹಾಕಿದವರಿಗೆ ಯಾಕೆ ಎಂದು ಎರಡು ಸಾಲು ಬರೆಯುವುದು ಅಂಗನವಾಡಿಯವರ ಕೆಲಸ. ಅದನ್ನು ಅವರು ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ.

ಕಳೆದ ತಿಂಗಳು ನಾನು ಕಪಿಲಾ ದಂಡೆಯಿಂದ ಒಂದು ಬಳ್ಳಿ ತೆಗೆದುಕೊಂಡು ಹೋಗಿದ್ದೆ. ಬೇರೆ ಕಡೆ ಇದರ ಕುಡಿಯನ್ನು ತಿನ್ನುತ್ತಾರೆ ಎಂದು ಮೂರು ಪುಸ್ತಕದಲ್ಲಿ ಓದಿದ್ದೆ. ಅಜ್ಜಿ ಅದನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ದಂಟು ಸೀಳಿದರು, ಮೂಸಿದರು, ಪಕ್ಕದವರಿಗೆ ಕೊಟ್ಟರು. ಅದು ಎಲ್ಲರ ಕೈ ಸುತ್ತಿ ವಾಪಸು ಬಂತು.

"ನಮ್ ಕಡೆ ಯಾರೂ ಉಂಡಿಲ್ಲ ಕಣವ್ವ" ಎಂದರು.

"ಪುಸ್ತಕದಲ್ಲಿ ಇದೆ ಅಜ್ಜಿ."

"ಬುಕ್ ಬರ್ದೋರು ಉಂಡವ್ರಾ?"

ಯೋಚಿಸಿದೆ. "ಗೊತ್ತಿಲ್ಲ" ಎಂದೆ.

"ಅಂಗಾದ್ರೆ ಇರ್ಲಿ ಬುಡು. ಯಾರಾರ ಉಂಡೋರು ಸಿಕ್ಲಿ, ಕೇಳಾನ."

ಅಂಗನವಾಡಿಯವರು ನನ್ನ ಫೋನಿನಲ್ಲೇ ಬಳ್ಳಿಯ ಫೋಟೊ ತೆಗೆದು 'ಕೇಳಬೇಕಾದವು' ಪುಟಕ್ಕೆ ಹಾಕಿದರು. ಹಾಕಿದವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬಂತು. ಸಂಜೆಯ ಬಸ್ಸಿನಲ್ಲಿ ಫೋನ್ ಸದ್ದು ಮಾಡಿತು, ತೆರೆದು ನೋಡಿದೆ. 'ನಿಮ್ಮ ಫೋಟೊ ತಲುಪಿದೆ ಮೇಡಂ. ತಿಂದ ಎರಡು ಮನೆಯವರು ಸಿಗುವವರೆಗೆ ಪಟ್ಟಿಗೆ ಸೇರಿಸುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ' ಎಂದು ಬರೆದಿದ್ದರು. ಆಗಲಿ ಎಂದು ಉತ್ತರ ಕಳಿಸಿದೆ.